ಕೈಕೆಳಗ ಎಷ್ಟ ಮಂದಿ ಅದಾರ?

ಮೊನ್ನೆ ಐತವಾರ ಬಾಗಲಕೋಟಿ ನವನಗರಕ್ಕ ಹೋಗಿದ್ದೆ, ನಮ್ಮ ಕಾಕಾನ ಮೊಮ್ಮಗನಿಗೆ ಕನ್ಯಾ ನೋಡಾಕ. ನಾ ಹೋಗೋನಿರಲಿಲ್ಲ, ವಾರಕ್ಕೊಂದ ರಜಾ, ಮಲಕೊಂಡ ಬಿಡೂಣು ಅಂತಿದ್ದೆ. ಆದ್ರ ಕಾಕಾ ಗಂಟಬಿದ್ದ, "ನೀನೂ ಸಾಫ್ಟ್‌ವೇರ್ನಾಂವ, ಹುಡುಗನೂ ಸಾಫ್ಟ್‌ವೇರ್ನಾಂವ, ಅವ್ರು ಏನರೆ ಕೇಳಿದ್ರ ನೀ ಜರಾ ತಿಳಿಸಿ ಹೇಳು" ಅಂತ. ಹೋದೆ. ತಿಳಿಸಿ ಹೇಳೂ ಟೈಮ್ ಬಂದಾಗ ಬಾಯಿ ತೆಗಿಲಿಲ್ಲ. ಆ ಸಿಟ್ಟ ಈಗ ಇಲ್ಲಿ ತೀರಸ್ಕೊಳ್ಳಾಕತ್ತೀನಿ, ಬ್ಯಾಸರಾದ್ರ ಮುಂದ ಸ್ಕ್ರೋಲ್ ಮಾಡ್ರಿ.

ಹುಡುಗಿ ಸ್ವಾದರಮಾವ ಒಬ್ರು ಇದ್ರು, ಯಾವುದೋ ಆಫೀಸಿನ್ಯಾಗ ಸುಪರಿಂಟೆಂಡೆಂಟ್ ಆಗಿ ರಿಟೈರ್ ಆದವ್ರು. ಉಪ್ಪಿಟ್ಟು ಶಿರಾ ಬಂತು, ಬೀಗರು ಬಿಜ್ಜರ ಮಾತು ಮುಗೀತು, ಮಳಿ ಮಾತು ಮುಗೀತು, ಆಲಮಟ್ಟಿ 26 ಗೇಟಿನಾಗ ಎಷ್ಟ ತೆಗದಾರ ಅನ್ನೂದೂ ಮುಗೀತು. ಆಮ್ಯಾಲೆ ಹುಡುಗನ ಕಡೆ ತಿರಿಗಿದ್ರು.

"ಕಂಪನಿಯೊಳಗ ಏನ್ ಕೆಲಸ ತಮ್ಮಾ?"

"ಸಿಸ್ಟಮ್ ಅಡ್ಮಿನ್ರಿ. ಲಿನಕ್ಸ್ ಸರ್ವರ್ ನೋಡ್ಕೋತೀನ್ರಿ."

"ಅಂದ್ರ ಈ ಪ್ರಿಂಟರ್ ಬಂದಾದ್ರ ಬಂದು ರಿಪೇರಿ ಮಾಡ್ತಾರಲ್ಲ, ಹಂಗನ?"

ಹುಡುಗ ನಕ್ಕ. "ಜರಾ ಬ್ಯಾರೆ ಐತ್ರಿ."

"ಇರಲಿ. ಕೈಕೆಳಗ ಎಷ್ಟ ಮಂದಿ ಅದಾರ?"

"ಮಂದಿ ಯಾರೂ ಇಲ್ರಿ ಮಾಮಾರ. 1200 ಮಷಿನ್ ಅದಾವ್ರಿ."

ಮಾಮಾರು ನನ್ನ ಕಡೆ ನೋಡಿದ್ರು, ಕಾಕಾನೂ ನನ್ನ ಕಡೆ ನೋಡಿದ. ನಾ ಶಿರಾ ತಿನ್ನಾಕತ್ತಿದ್ದೆ. ಭಾಳ ಚಲೋ ಆಗಿತ್ತು ಶಿರಾ.

ಅಷ್ಟರಾಗ ಹುಡುಗನ ಫೋನ್ ಕಿರ್ ಅಂತು. ಸರ್ವರ್ ಕೆಟ್ಟೈತಿ ಅಂತ ಕರಿಯೂ ಸೌಂಡ್ ಅದು, ನಂಗ ಗೊತ್ತು, 20 ವರ್ಷ ಆತು, ಈಗೂ ಯಾರ ಫೋನಿನ್ಯಾಗ ಅಂಥಾದ್ದ ಕೇಳಿದ್ರೂ ಹೊಟ್ಟಿಯೊಳಗ ಏನೋ ಜಾರಿದಂಗ ಆಗ್ತೈತಿ. ಹುಡುಗ "ಐದ ಮಿನಿಟ್ರಿ" ಅಂತ ಬ್ಯಾಗ್ ತಗೊಂಡ ಹೊರಗ ಕಟ್ಟಿ ಮ್ಯಾಲೆ ಹೋಗಿ ಕುಂತ. ನೀರ ಕುಡಿಯೂ ನೆಪ ಮಾಡಿ ನಾನೂ ಹಿಂದ ಹೋದೆ. ಹೊಸಾ ಅಂಗಿ, ಇಸ್ತ್ರಿ ಮಾಡಿದ್ದು, ತೊಡಿ ಮ್ಯಾಲೆ ಲ್ಯಾಪ್‌ಟಾಪ್, ಮೊಬೈಲ್ ಹಾಟ್‌ಸ್ಪಾಟ್. ಒಂದ ಸರ್ವರ್ನ್ಯಾಗ ಡಿಸ್ಕ್ ನೂರಕ್ಕ ನೂರ ತುಂಬೇತಿ. ಯಾರೋ ಡೆವಲಪರ್ ಪುಣ್ಯಾತ್ಮ ದೊಡ್ಡ ಲಾಗ್ ಫೈಲ್ (ಪ್ರೋಗ್ರಾಮ್ ತನ್ನ ದಿನಚರಿ ಬರಕೊಳ್ಳೂ ಫೈಲ್) ಡಿಲೀಟ್ ಮಾಡಿ "ನಾ ಜಾಗಾ ಖಾಲಿ ಮಾಡೀನಿ" ಅಂತ ಮೆಸೇಜೂ ಹಾಕ್ಯಾನ. ಫೈಲ್ ಇಲ್ಲ, ಜಾಗಾನೂ ಇಲ್ಲ. ಫೈಲ್‌ಗಳ ಲೆಕ್ಕ ಕೂಡಿಸೂ ಡಿಯು ಕಮಾಂಡ್ ಒಂದ ಹೇಳ್ತೈತಿ, ಡಿಸ್ಕಿನ ಖಾಲಿ ಜಾಗಾ ತೋರಸೂ ಡಿಎಫ್ ಕಮಾಂಡ್ ಇನ್ನೊಂದ ಹೇಳ್ತೈತಿ. ಹೊಸಬ ಇದ್ದಿದ್ರ ಸೀದಾ ರೀಸ್ಟಾರ್ಟ್ ಹೊಡಿತಿದ್ದ, ನಡು ಹಗಲನ್ಯಾಗ. ಈ ಹುಡುಗ ಹೊಡಿಲಿಲ್ಲ. ಎಲ್‌ಎಸ್‌ಒಎಫ್ ಅನ್ನೂ ಕಮಾಂಡ್ ಹಾಕಿ ಡಿಲೀಟ್ ಆದ್ರೂ ಆ ಫೈಲ್ ಯಾವ ಪ್ರೋಗ್ರಾಮ್ ಹಿಡಕೊಂಡ ಕುಂತೈತಿ ಅಂತ ಹುಡುಕಿದ, ಆ ಪ್ರೋಗ್ರಾಮ್ ಮುಟ್ಟದಂಗ ಅದು ಹಿಡಿದ ಫೈಲ್ ಅಷ್ಟ ಒಳಗಿಂದ ಬರಿದ ಮಾಡಿದ. ನೂರ ಇದ್ದದ್ದು 58ಕ್ಕ ಇಳೀತು. ಯಾರಿಗೂ ಏನೂ ಗೊತ್ತಾಗಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿದ, ಅಂಗಿ ಸರಿ ಮಾಡ್ಕೊಂಡ, ಒಳಗ ಹೋದ.

ಒಳಗ ಅಷ್ಟರಾಗ ತೀರ್ಮಾನ ಆಗಿಬಿಟ್ಟಿತ್ತು ಅನಸ್ತೈತಿ. "ಐತವಾರನೂ ದುಡಸ್ತಾರ, ಕೈಕೆಳಗ ಯಾರೂ ಇಲ್ಲ, ಇದ್ದಿದ್ರ ಅವ್ರಿಗೆ ಹೇಳ್ತಿದ್ದ." ಇದು ಮಾಮಾರ ಲೆಕ್ಕ.

ವಿಜಾಪುರಕ್ಕ ವಾಪಸ್ ಬರೂ ದಾರಿ ತುಂಬ ಆ ಒಂದ ಪ್ರಶ್ನೆ ಗೋಲಗುಂಬಜದಾಗ ಕೂಗಿದಂಗ ತಲ್ಯಾಗ ತಿರಗಿ ತಿರಗಿ ಕೇಳಾಕತ್ತಿತ್ತು. ಕೈಕೆಳಗ ಎಷ್ಟ ಮಂದಿ? ಕೈಕೆಳಗ ಎಷ್ಟ ಮಂದಿ? ಅಲ್ರೀ, ಮನಷ್ಯಾನ ಕೆಲಸ ಅಳಿಯಾಕ ಇದ ಒಂದ ಮಾಪ ಏನ? ಡಾಕ್ಟರ್ ಕಡೆ ಹೋದಾಗ ಕೇಳ್ತೀರೇನು, "ಸಾಹೇಬ್ರ, ನಿಮ್ಮ ಕೈಕೆಳಗ ಕಂಪೌಂಡರ್ ಎಷ್ಟ ಮಂದಿ, ಆಮ್ಯಾಲೆ ಇಂಜೆಕ್ಷನ್ ಮಾಡಸ್ಕೋತೀನಿ" ಅಂತ? ಹೊಲದ ಉತಾರ (ಪಹಣಿ) ತಗೋಳಾಕ ಹೋದಾಗ "ಸರ್ವರ್ ಡೌನ್ ಐತಿ, ನಾಳೆ ಬರ್ರಿ" ಅಂದ್ರ ಊರೆಲ್ಲಾ ಬೈತೈತಿ. ಆ ಸರ್ವರ್ ಎಬ್ಬಸೂ ಹುಡುಗ ಮನಿಗೆ ಬಂದು ಕುಂತ್ರ ಪ್ರಿಂಟರ್ ರಿಪೇರಿಯಾಂವ.

ನನ್ನ ಕಥಿ ನಿಮಗೆಲ್ಲಾ ಗೊತ್ತೇ ಐತಿ, ಚುಟುಕಾಗಿ ಹೇಳ್ತೀನಿ. 1999ರಾಗ ಇಂಜಿನಿಯರಿಂಗ್ ಸೇರಿದೆ, ಬೆಳಗಾವಿ ವಿಟಿಯು ಯುನಿವರ್ಸಿಟಿ ಆಗಿನ್ನೂ ವರ್ಷದ ಕೂಸು. ಪಿಸಿಕ್ವೆಸ್ಟ್ ಮ್ಯಾಗಜೀನ್ ಜೋಡಿ ಬರ್ತಿದ್ದ ಲಿನಕ್ಸ್ ಸಿಡಿ ಹಾಕಿ ಗೆಳ್ಯಾನ ಮನಿ ಕಂಪ್ಯೂಟರಿನ ವಿಂಡೋಸ್ ಅಳಿಸಿ ಹಾಕಿ ಅವರಪ್ಪನ ಕಡೆ ಬೈಸ್ಕೊಂಡದ್ದು ನನ್ನ ಮೊದಲನೇ ಸಿಸ್ಟಮ್ ಅಡ್ಮಿನಿಸ್ಟ್ರೇಶನ್. 2003ಕ್ಕ ಬೆಂಗಳೂರು. ಮೂರ ವರ್ಷ ಸಿ, ಪರ್ಲ್‌ದಾಗ ಪ್ರೋಗ್ರಾಮ್ ಬರದೆ, ಆಮ್ಯಾಲೆ ಸರ್ವರ್ ಕಡೆ ಹೋದೆ, ಆಮ್ಯಾಲೆ ಟೆಕ್ ಲೀಡ್, ಆಮ್ಯಾಲೆ ಮ್ಯಾನೇಜರ್, ಆಮ್ಯಾಲೆ ಮ್ಯಾನೇಜರ್‌ಗಿರಿ ಬಿಟ್ಟು ಪ್ರಿನ್ಸಿಪಲ್ ಇಂಜಿನಿಯರ್, ಅಂದ್ರ ಕೈಕೆಳಗ ಮಂದಿ ಇಲ್ಲದ ಹಿರೇ ಇಂಜಿನಿಯರ್. 2020ರ ಲಾಕ್‌ಡೌನ್‌ದಾಗ ಮನಿಗೆ ಬಂದಾಂವ ಇಲ್ಲೇ ಉಳಕೊಂಡೆ. ಈ ಪ್ರಿನ್ಸಿಪಲ್ ಅನ್ನೂ ಹೆಸರಿಂದ ಆದ ಫಜೀತಿ ಬ್ಯಾರೆ ಐತಿ, ನಮ್ಮ ಓಣಿಯೊಳಗ ಇಬ್ರು ಬಂದು "ಪ್ರಿನ್ಸಿಪಾಲ್ ಆಗೀರಂತ, ಯಾವ ಕಾಲೇಜ್ರಿ, ನಮ್ಮ ಹುಡುಗನ ಅಡ್ಮಿಷನ್ ಒಂದ ಮಾಡಸ್ರಿ" ಅಂದ್ರು. ಅದಕ್ಕೂ ಮೊದಲ ಸ್ಟಾಫ್ ಇಂಜಿನಿಯರ್ ಇದ್ದಾಗ "ಇನ್ನೂ ಸ್ಟಾಫ್‌ನ್ಯಾಗ ಇದ್ದೀಯೇನ, ಆಫೀಸರ್ ಯಾವಾಗ ಆಗ್ತಿ" ಅಂತ ಕೇಳ್ತಿದ್ರು.

ಯಾಕಂದ್ರ ಕೈಕೆಳಗ ಯಾರೂ ಇಲ್ಲ ನೋಡ್ರಿ.

2012ರ ಜುಲೈ 1 ನೆನಪೈತಿ ನಂಗ, ಅದೂ ಐತವಾರನ. ಭೂಮಿ ತಿರಗೂದು ಜರಾ ತಡ ಆಗ್ತೈತಂತ ಲೆಕ್ಕ ಸರಿ ಮಾಡಾಕ ಆವತ್ತ ಜಗತ್ತಿನ ಗಡಿಯಾರಕ್ಕ ಒಂದ ಸೆಕೆಂಡ್ ಹೆಚ್ಚಿಗಿ ಕೂಡಿಸಿದ್ರು, ನಮ್ಮ ಟೈಮ್ ಪ್ರಕಾರ ಮುಂಜಾನೆ ಐದೂವರಿಗೆ. ಲಿನಕ್ಸಿನ ತಿರುಳಾದ ಕರ್ನಲ್ ಆ ಸೆಕೆಂಡ್ ಕೂಡಿಸ್ಕೊಂತು, ತನ್ನ ಒಳಗಿನ ಟೈಮರ್‌ಗೆ ತಿಳಸೂದು ಬಿಡ್ತು. ಜಾವಾ, ಮೈಎಸ್‌ಕ್ಯೂಎಲ್ ಓಡೂ ಮಷಿನ್ ಎಲ್ಲಾ ಸುಮ್ಮಸುಮ್ಮನ ಗಿರಗಿರ ತಿರಗಾಕತ್ತಿದ್ವು, ಸಿಪಿಯು ನೂರಕ್ಕ ನೂರ. ನಮ್ಮಲ್ಲೊಬ್ಬ ಸೀನಿಯರ್ ಅಡ್ಮಿನ್ ಇದ್ದ, ಮಾತ ಕಡಿಮಿ, ಮಧ್ಯಾಹ್ನ ಮೂರಕ್ಕ ಒಂದ ಚಹಾ ಬಿಟ್ರ ಖುರ್ಚಿ ಬಿಟ್ಟ ಏಳಾಂವಲ್ಲ. ನಾವೆಲ್ಲಾ ಕಾನ್ಫರೆನ್ಸ್ ಕಾಲ್‌ದಾಗ ಒದರಾಡಾಕತ್ತಿದ್ವಿ, ಆಂವ ಎಲ್ಲೋ ಓದಿ, ಒಂದ ಮಷಿನ್ನ್ಯಾಗ ನೋಡಿ, ಒಂದ ಸಾಲು ಕಮಾಂಡ್ ಕಳಿಸಿದ. ಈಗ ಎಷ್ಟ ಟೈಮ್ ಆಗೇತೋ ಅದನ್ನ ಮತ್ತ ಅದೇ ಟೈಮ್‌ಗೆ ಸೆಟ್ ಮಾಡೂ ಕಮಾಂಡ್, ಅಷ್ಟ. ಗಡಿಯಾರಕ್ಕ ಅದರದ ಟೈಮ್ ಅದಕ್ಕ ಹೇಳಿದ್ವಿ, ಎಲ್ಲಾ ತಣ್ಣಗಾತು. ರೀಸ್ಟಾರ್ಟ್ ಇಲ್ಲ, ಏನಿಲ್ಲ. ಆ ಕಾಲ್‌ದಾಗ 14 ಮಂದಿ ಇದ್ವಿ. ಆಂವ ಒಬ್ಬನ ಕೈಕೆಳಗ ಯಾರೂ ಇರಲಿಲ್ಲ.

ಈಗ ನಿಮ್ಮೊಳಗ ಕೆಲವ್ರು ಕಾಮೆಂಟ್‌ನ್ಯಾಗ ಬರ್ತೀರಿ ಅಂತ ಗೊತ್ತೈತಿ, ಅದರಾಗ ಆ ಬೆಳಗಾವಿ ಎಂಬಿಎ ಗೆಳ್ಯಾ ಅಂತೂ ಬರಾಂವನ. "ಮಂದಿ ಸಂಭಾಳಿಸೂದು ಸಣ್ಣ ಕೆಲಸ ಅಲ್ಲಪಾ, ಮ್ಯಾನೇಜರ್ ಇಲ್ಲದ ಕಂಪನಿ ನಡಿಯೂದಿಲ್ಲ." ಹೌದು, ಒಪ್ಪಿದೆ. ಚಲೋ ಮ್ಯಾನೇಜರ್ ಕೆಳಗ ನಾನೂ ದುಡದೀನಿ, ಮ್ಯಾಲಿನವ್ರ ಬೈಗುಳಾ ತಾನ ತಿಂದು ನಮಗ ಕೆಲಸ ಮಾಡಾಕ ಬಿಟ್ಟಾಕಿ. ಅದೂ ಒಂದ ಕಸಬು. ಒಂದ ಕಸಬು ಅಷ್ಟ, ಉಳಿದ ಕಸಬಿಗೆ ಮೆಟ್ಟಿಲಲ್ಲ. ಚಲೋ ಅಡ್ಮಿನ್‌ನ ಮ್ಯಾನೇಜರ್ ಮಾಡಿದ್ರ ಒಬ್ಬ ಚಲೋ ಅಡ್ಮಿನ್ ಹೋದ, ಒಬ್ಬ ಹುಸಿ ಮ್ಯಾನೇಜರ್ ಬಂದ. ನಾನ ಇದ್ದೀನಲ್ಲ ಉದಾಹರಣೆಕ್ಕ.

ನಮ್ಮಪ್ಪ ಹೆಡ್‌ಮಾಸ್ತರ್ ಇದ್ದ. "ನನ್ನ ಕೈಕೆಳಗ 11 ಮಾಸ್ತರ್ರು" ಅಂತಿದ್ದ ಯಾವಾಗಲೂ. ನಾ ಮ್ಯಾನೇಜರ್ ಆದಾಗ 38 ಮಂದಿ ಬಂದ್ರು, ಅಪ್ಪ ಸಿದ್ಧೇಶ್ವರ ಗುಡಿ ಮುಂದ ಸಿಕ್ಕಸಿಕ್ಕವ್ರಿಗೆ ಹೇಳ್ದ, "38 ಮಂದಿ ಅದಾರ ನಮ್ಮ ಹುಡುಗನ ಕೈಕೆಳಗ." ಖರೇ ಹೇಳ್ತೀನಿ, ಆ ಹುದ್ದೆ ನಾ ತಗೊಂಡದ್ದ ಆ ಒಂದ ಮಾತು ಕೇಳಾಕ. ರೊಕ್ಕಕ್ಕಲ್ಲ. ಕೋಡ್ ಬರಿಯೂದು ಬಿಟ್ಟಹೋತು, ಕಮಾಂಡ್ ಹೊಡಿಯೂ ಟರ್ಮಿನಲ್ ತೆಗದು ತಿಂಗಳ ಆತು, ದಿನಾ ಬೆಳಿಗ್ಗಿ ಎಕ್ಸೆಲ್ ಶೀಟು, ಅದರಾಗ ಮಂದಿ ಹೆಸರು, ಹೆಸರಿನ ಮುಂದ ಬಣ್ಣ.

ಅದರಾಗ ವರ್ಷದ ಕೆಲಸ ಅಳಿಯೂ ಅಪ್ರೈಸಲ್ ಬಂತು. ಜುಲೈ 1ರ ಆ ಸೀನಿಯರ್ ಅಡ್ಮಿನ್ನೂ ನನ್ನ 38 ಮಂದಿಯೊಳಗ ಇದ್ದ. ಆ ವರ್ಷ ಅವನ ಕಡೆ ಇದ್ದ ಒಂದೂ ಸಿಸ್ಟಮ್ ಬಂದ್ ಆಗಿರಲಿಲ್ಲ. ಒಂದೂ. ತಿಂಗಳ ಮೊದಲನೇ ಶನಿವಾರ ಬ್ಯಾಕಪ್ ತೆಗದು ಬ್ಯಾರೆ ಮಷಿನ್ನ್ಯಾಗ ರಿಸ್ಟೋರ್ ಮಾಡಿ, ಅಂದ್ರ ವಾಪಸ್ ತುಂಬಿ, ನೋಡ್ತಿದ್ದ, ಯಾರೂ ಹೇಳಿರಲಿಲ್ಲ ಅವಗ. ನಾ ಫಾರ್ಮ್ ತುಂಬಾಕ ಕುಂತೆ, "ಈ ವರ್ಷದ ಮುಖ್ಯ ಸಾಧನೆ" ಅನ್ನೂ ಕಾಲಂ. ಏನ್ ಬರಿಯೂದು? ಏನೂ ಆಗೇ ಇಲ್ಲಲ್ಲ! ನಡುವಿನ ರೇಟಿಂಗ್ ಕೊಟ್ಟೆ. ಇನ್ನೊಬ್ಬ ಹುಡುಗ ಮೂರ ಸಲ ರಾತ್ರೋರಾತ್ರಿ ಸಿಸ್ಟಮ್ ಎಬ್ಬಿಸಿದ್ದ, ಮೂರರಾಗ ಎರಡ ಸಲ ಕೆಡಿಸಿದಾಂವನೂ ಅವನ, ಅವಗ ಅವಾರ್ಡ್ ಕೊಟ್ಟೆ, ಸ್ಟೇಜ್ ಮ್ಯಾಲೆ ನಿಂತು ಚಪ್ಪಾಳಿನೂ ಹೊಡದೆ. ಅಡ್ಮಿನ್ ಮೂರ ತಿಂಗಳಿಗೆ ರಾಜೀನಾಮೆ ಹಾಕಿದ. ಯಾಕ ಅಂತ ಕೇಳಿದ್ರ "ಹಿಂಗ ಸುಮ್ಮನ್ರಿ" ಅಂದ.

2017ರ ಜನವರಿ 31ಕ್ಕ ಮಂದಿ ಕೋಡ್ ಇಟ್ಟಕೊಡೂ ಗಿಟ್‌ಲ್ಯಾಬ್ ಕಂಪನಿಯೊಳಗ ಒಬ್ಬ ಇಂಜಿನಿಯರ್ ರಾತ್ರಿ ದಣಿದು ಕುಂತಾಗ ತಪ್ಪ ಮಷಿನ್ನ್ಯಾಗ ಡಿಲೀಟ್ ಹೊಡದು 300 ಜಿಬಿ ಡೇಟಾಬೇಸ್ ಹೋತು, ಬ್ಯಾಕಪ್‌ಗೆ ಅಂತ ಐದ ದಾರಿ ಇಟ್ಟಿದ್ರು, ಐದೂ ಸರಿ ಇರಲಿಲ್ಲ, ಕಡೀಕ ಆರ ತಾಸ ಮೊದಲ ಯಾರೋ ಕೈಲೆ ತೆಗದಿಟ್ಟ ಕಾಪಿ ಒಂದ ಉಳಿಸ್ತು. ಇದನ್ನ ಓದಿದ ದಿನ ನಂಗ ಎದಿ ಧಸಕ್ ಅಂತು. ಹೋಗಿ ನೋಡಿದೆ. ನಮ್ಮಲ್ಲಿ ಮೊದಲನೇ ಶನಿವಾರದ ಆ ರಿಸ್ಟೋರ್ ಆಂವ ಹೋದ ಮ್ಯಾಲೆ ಯಾರೂ ಮಾಡೇ ಇರಲಿಲ್ಲ. ಮಾಡಿ ನೋಡಿದ್ವಿ, ಆಗಲಿಲ್ಲ. ಆವತ್ತ ಮನಿಗೆ ಹೋಗಿ ಹೇಣ್ತಿಗೆ ಹೇಳ್ದೆ, ನಾ ಈ ಮ್ಯಾನೇಜರ್ ಕೆಲಸ ಬಿಡ್ತೀನಿ. ಅಪ್ಪಗ ಹೇಳಾಕ ಮತ್ತ ಆರ ತಿಂಗಳ ಬೇಕಾತು.

ಅದಕ್ಕ ಮಾಮಾರ ಮ್ಯಾಲೆ ಸಿಟ್ಟ ಬಂದದ್ದು ಅರ್ಧಾ ಅಷ್ಟ. ಅವ್ರು ಬಾಯಿಲೆ ಕೇಳಿದ್ದನ್ನ ನಾ ಫಾರ್ಮ್‌ನ್ಯಾಗ ತುಂಬಿ ಸಹಿ ಮಾಡಿದಾಂವ.

ಆದ್ರೂ ಕೇಳ್ತೀನಿ. 2024ರ ಆಗಸ್ಟ್‌ದಾಗ ತುಂಗಭದ್ರಾ ಡ್ಯಾಮಿನ 19ನೇ ಗೇಟು ರಾತ್ರಿ ಚೈನ್ ಕಡದು ಕೊಚ್ಚಿಕೊಂಡ ಹೋತಲ್ಲ, ಆಗ ಕೈಕೆಳಗ ಭಾಳ ಮಂದಿ ಇದ್ದಾಂವ ಯಾರು ಅಂತ ಹುಡುಕಿದ್ರೇನು? ಕನ್ನಯ್ಯ ನಾಯ್ಡು ಅವ್ರನ್ನ ಕರದ್ರು. ರಿಟೈರ್ ಆಗಿ ಎಷ್ಟೋ ವರ್ಷ ಆದ ಹಿರಿ ಮನಷ್ಯಾ, ಗೇಟ್ ಅಂದ್ರ ಏನಂತ ಗೊತ್ತಿದ್ದಾಂವ. ಹರಿಯೂ ನೀರಿನ್ಯಾಗ ಸ್ಟಾಪ್‌ಲಾಗ್ (ಗೇಟಿನ ಬದಲಿ ತಾತ್ಪೂರ್ತಿಕ ಕಬ್ಬಿಣದ ತಡಿ) ಇಳಿಸಿ ಒಂದ ವಾರದಾಗ ನೀರ ನಿಲ್ಲಿಸಿದ್ರು. ಟಿವಿ ಮುಂದ ಕುಂತು ನಾವೆಲ್ಲಾ ಕೈ ಮುಗದ್ವಿ. ಅದ ವರ್ಷ ಮಾರ್ಚ್‌ದಾಗ ಆಂಡ್ರೆಸ್ ಫ್ರಾಯಿಂಡ್ ಅನ್ನಾಂವ ಒಬ್ಬ, ಡೇಟಾಬೇಸ್ ಮ್ಯಾಲೆ ಕೆಲಸ ಮಾಡಾಂವ, ಲಾಗಿನ್ ಆಗೂದು ಅರ್ಧಾ ಸೆಕೆಂಡ್ ತಡ ಯಾಕ ಆಗಾಕತ್ತೈತಿ ಅಂತ ತಲಿ ಕೆಡಿಸ್ಕೊಂಡು ಅಗಿಯಾಕ ಹತ್ತಿದ. ಎಕ್ಸ್‌ಝಡ್ ಅನ್ನೂ ಸಣ್ಣ ಸಾಫ್ಟ್‌ವೇರ್ ಲೈಬ್ರರಿಯೊಳಗ ಯಾರೋ ಎರಡ ವರ್ಷ ನಂಬಿಕಿ ಗಳಿಸಿ ಕಳ್ಳ ಬಾಗಿಲಾ ಇಟ್ಟಿದ್ರು, ಅದು ಜಗತ್ತಿನ ಅರ್ಧಾ ಸರ್ವರ್‌ಗೆ ಹೋಗೂದಿತ್ತು, ಆಂವ ಹಿಡದದ್ದಕ್ಕ ನಿಂತಹೋತು. ಅರ್ಧಾ ಸೆಕೆಂಡ್! ನಾವಾಗಿದ್ರ "ನೆಟ್ ಸ್ಲೋ ಐತಿ" ಅಂದು ಚಹಾಕ್ಕ ಹೋಗ್ತಿದ್ವಿ. ಅವನ ಕೈಕೆಳಗ ಎಷ್ಟ ಮಂದಿ ಇದ್ರು ಅಂತ ಮಾಮಾರ ಕೇಳಿ ಹೇಳಬೇಕು.

ಜುಲೈ ಕಡೇ ಶುಕ್ರವಾರ ಸಿಸ್ಟಮ್ ಅಡ್ಮಿನ್‌ಗಳಿಗೆ ಥ್ಯಾಂಕ್ಸ್ ಹೇಳೂ ದಿನ ಅಂತ ಒಂದ ಐತಿ, 2000ದಿಂದ ನಡಕೊಂಡ ಬಂದೈತಿ. ನಂಗ ಒಂದ ಸಲನೂ ಯಾರೂ ಹೇಳಿಲ್ಲ. ನಾನೂ ಆ ಅಡ್ಮಿನ್‌ಗೆ ಹೇಳಿಲ್ಲ, ನಂಬರ್ ಐತಿ ಇನ್ನ.

ಹಾಂ, ಹುಡುಗಿ ವಿಷಯ ಬಿಟ್ಟೆ. ಆಕಿ ಬ್ಯಾಂಕಿನ್ಯಾಗ ಕೆಲಸ ಮಾಡ್ತಾಳ, ಕೌಂಟರ್‌ದಾಗ ಕುಂತು "ಸರ್ವರ್ ಡೌನ್" ಅಂತ ಮಂದಿ ಕಡೆ ಬೈಸ್ಕೊಳ್ಳಾಕಿ. ನಾವು ಹೊರಡೂ ಮುಂದ ಚಪ್ಪಲ್ ಹಾಕ್ಕೊಳ್ಳಾಕತ್ತಾಗ ಬಾಗಲದಾಗ ಬಂದು ನಿಂತು ಹುಡುಗಗ ಕೇಳಿದ್ಲು, "ಆಗ ಏನಾಗಿತ್ರಿ?" ಡಿಸ್ಕ್ ತುಂಬಿತ್ತು, ಫೈಲ್ ಡಿಲೀಟ್ ಮಾಡಿದ್ರೂ ಜಾಗಾ ಬಂದಿರಲಿಲ್ಲ ಅಂದ. "ಡಿಲೀಟ್ ಮಾಡಿದ ಮ್ಯಾಲೆ ಯಾಕ ಬರೂದಿಲ್ಲ?" ಹುಡುಗ ಒಂದ ಚಪ್ಪಲ್ ಕಾಲಾಗ ಒಂದ ಕೈಯಾಗ ಹಿಡಕೊಂಡ ನಿಂತ, "ಉತಾರದಾಗ ಹೆಸರ ಕಡಿಮಿ ಮಾಡಿದ್ರೂ ಹೊಲಾ ಉಳಾಂವ ಹೊಲಾ ಬಿಡಬೇಕಲ್ರಿ, ಬಿಡೂತನಕ ಹೊಲಾ ಖಾಲಿ ಆಗೂದಿಲ್ಲ, ಹಂಗ" ಅಂದ. ಆಕಿ ನಕ್ಕಳು. 22 ವರ್ಷದಾಗ ನಾ ಎಷ್ಟ ಟ್ರೇನಿಂಗ್ ಕೊಟ್ಟೀನಿ, ಇಷ್ಟ ಚಂದ ಯಾವತ್ತೂ ಹೇಳಿಲ್ಲ.

ಇವತ್ತ ಮುಂಜಾನೆ ಮಾಮಾರ ಫೋನ್ ಬಂತು, ಸೀದಾ ನಂಗ. "ಹುಡುಗಿ ಹೂಂ ಅನ್ನಾಕತ್ತಾಳ. ಎಲ್ಲಾ ಚಲೋ ಐತಿ. ಆದ್ರೂ ನೀವು ಅದ ಲೈನಿನವ್ರು, ಖರೇ ಹೇಳ್ರಿ, ಮುಂದಿನ ವರ್ಷಕ್ಕರೆ ಕೈಕೆಳಗ ಒಂದ ನಾಕ ಮಂದಿ ಬರ್ತಾರಿಲ್ಲೊ?"

ಈ ಮ್ಯಾಲೆ ಬರದದ್ದೆಲ್ಲಾ ಬಾಯಿ ತುದಿಗೆ ಬಂದಿತ್ತು. 19ನೇ ಗೇಟು, ಅರ್ಧಾ ಸೆಕೆಂಡು, ಎಲ್ಲಾ.

"ಆರ ಮಂದಿ ಬರ್ತಾರ್ರಿ ಮಾಮಾರ" ಅಂದೆ.

ಅವ್ರು ಫೇಸ್‌ಬುಕ್‌ದಾಗ ಇಲ್ಲ, ವಾಟ್ಸಾಪ್‌ದಾಗ ಅಷ್ಟ ಅದಾರ. ಯಾರೂ ಸ್ಕ್ರೀನ್‌ಶಾಟ್ ಕಳಸಬ್ಯಾಡ್ರಪಾ, ಕೈ ಮುಗಿತೀನಿ.