ಕುಡಿಯದ ಗಂಡ ಹೊಡೆಯುವುದಿಲ್ಲವೇ?

"ಹೆಂಡತಿಗೆ ಹೊಡೆಯೋದೆಲ್ಲ ಕುಡುಕರ ಮನೆಯಲ್ಲಿ, ಓದಿದವರಲ್ಲಿ ಅದೆಲ್ಲ ಇಲ್ಲ." ಬೆಂಗಳೂರಿನ ಅಪಾರ್ಟ್‌ಮೆಂಟ್ ಗ್ರೂಪುಗಳಲ್ಲಿ ಇಂಥ ಮೆಸೇಜು ಆಗಾಗ ಸುತ್ತುತ್ತದೆ. ಕಳಿಸುವವರನ್ನು ದೂರಬೇಕಿಲ್ಲ, ಇದರಲ್ಲಿ ಅರ್ಧ ನಿಜ ಇದೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ ಗಂಡ ಪದೇ ಪದೇ ಕುಡಿದು ಬರುವ ಹೆಂಗಸರಲ್ಲಿ ಶೇ. 70ರಷ್ಟು ಮಂದಿ ಅವನಿಂದ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ್ದಾರೆ. ಗಂಡ ಕುಡಿಯದಿದ್ದರೆ ಶೇ. 23. ಕುಡಿತ ಅಪಾಯ ಹೆಚ್ಚಿಸುತ್ತದೆ, ಸರಿ. ಆದರೆ ಹನಿ ಮುಟ್ಟದವರ ಮನೆಯಲ್ಲೂ ಹೆಚ್ಚುಕಮ್ಮಿ ನಾಲ್ವರಲ್ಲಿ ಒಬ್ಬಳಾಯಿತು, ಅಲ್ವಾ? ಓದಿನದೂ ಇದೇ ಕಥೆ: ಪ್ರಮಾಣ ಇಳಿಯುತ್ತದೆ, ಸೊನ್ನೆಯಾಗುವುದಿಲ್ಲ.

ಸಮೀಕ್ಷೆಯವರು "ಹಿಂಸೆ ಇದೆಯಾ" ಅಂತ ಸುಮ್ನೆ ಕೇಳಿ ಬರುವುದಿಲ್ಲ. ಕೆನ್ನೆಗೆ ಹೊಡೆದರಾ, ಕೈ ತಿರುಚಿದರಾ, ಕೂದಲು ಎಳೆದರಾ ಎಂದು ಒಂದೊಂದಾಗಿ ಕೇಳುತ್ತಾರೆ. ಅದೂ ಆಕೆ ಒಬ್ಬಳೇ ಇರುವಾಗ. ಮಧ್ಯೆ ಯಾರಾದರೂ ಬಂದರೆ ಮಾತು ಬದಲಾಯಿಸುತ್ತಾರೆ.

ವರದಿ ಇಂಟರ್ನೆಟ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಮುಂದಿನ ಸಲ ಇಂಥ ಮೆಸೇಜು ಬಂದಾಗ ಎಣಿಸಿದ್ದು ಯಾರು, ಯಾವ ವರ್ಷ ಎಂದು ಹುಡುಕಿ. ವರದಿಯಲ್ಲಿ "ಜಾಸ್ತಿ" ಅಂತಿದ್ದದ್ದು ಮೆಸೇಜಿನಲ್ಲಿ "ಮಾತ್ರ" ಆಗಿದೆಯಾ ಅಂತಲೂ ನೋಡಿ.