ಅರ್ಧ ತೋಳಿನ ಪಾಂಡಿತ್ಯ

ವಿದ್ಯಾರ್ಥಿಯ ತಲೆಯೊಳಗೆ ಏನಿದೆ ಎಂದು ತಿಳಿಯಲು ಅವನ ಕೈಯಿಂದ ಒಂದು ವಾಕ್ಯವನ್ನೂ ಬರೆಸಬೇಕಾಗಿಲ್ಲ ಎಂಬ ಮಹತ್ವದ ಸಂಗತಿಯನ್ನು ನಮ್ಮ ದೇಶವು ಕಂಡುಕೊಂಡಿದೆ. ಕಲಬುರಗಿಯಿಂದ ಆಳಂದಕ್ಕೆ ಹೋಗುವ ದಾರಿಯಲ್ಲಿ, ಕಡಗಂಚಿಯ ಬಳಿ, 2009ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಅಫಜಲಪುರದ ಕಡೆಯ ಹುಡುಗಿಯೊಬ್ಬಳು ಪದವಿ ಮುಗಿಸಿ ಅಲ್ಲಿ ಕನ್ನಡ ಎಂ.ಎ. ಓದಲು ಬಯಸಿದಳೆಂದು ಇಟ್ಟುಕೊಳ್ಳೋಣ. ಆಕೆ ಸಿಯುಇಟಿ ಎಂಬ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆಗೆ ಕೂರಬೇಕು. ಪ್ರಶ್ನೆಗಳು 75; ಸರಿಯುತ್ತರಕ್ಕೆ 4 ಅಂಕ, ತಪ್ಪಿದರೆ 1 ಅಂಕ ಕಡಿತ. ಪಂಪನ ಒಂದು ಪದ್ಯವನ್ನು ಬಿಡಿಸಿ ಹೇಳಬಲ್ಲಳೇ, ವಚನವೊಂದರ ಕುರಿತು ತನಗನಿಸಿದ್ದನ್ನು ಎರಡು ಪುಟ ಬರೆಯಬಲ್ಲಳೇ ಎಂಬ ಕುತೂಹಲ ಕಂಪ್ಯೂಟರಿಗೆ ಇಲ್ಲ. ಪರದೆಯ ಮೇಲೆ ಮೂಡಿದ ನಾಲ್ಕು ಉತ್ತರಗಳಲ್ಲಿ ಸರಿಯಾದುದರ ಮೇಲೆ ಮೌಸ್ ಒತ್ತಿದರೆ ಸಾಕು, ಸಾಹಿತ್ಯದಲ್ಲಿ ಆಕೆಗಿರುವ ಪ್ರವೇಶ ಸಾಬೀತಾಯಿತು.

ಈ ಪರೀಕ್ಷೆಯ ಅಭಿಮಾನಿಗಳು ಹೇಳುವ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಯಂತ್ರಕ್ಕೆ ಜಾತಿಯಿಲ್ಲ, ನೆಂಟರಿಲ್ಲ, ಉತ್ತರಪತ್ರಿಕೆಗಳ ಕಟ್ಟನ್ನು ಊಟದ ಹೊತ್ತಿನೊಳಗೆ ಮುಗಿಸುವ ಅವಸರವಿಲ್ಲ. ಕೈಬರಹದ ಉತ್ತರಗಳಿಗೆ ನಮ್ಮ ಮೌಲ್ಯಮಾಪಕರು ಅಂಕ ಕೊಡುತ್ತಿದ್ದ ಬಗೆಯನ್ನು ಬಲ್ಲವರು ಯಂತ್ರಕ್ಕೆ ಕೈಮುಗಿದರೆ ಆಶ್ಚರ್ಯವಿಲ್ಲ. ಆದರೆ ಯಂತ್ರದ ನಿಖರತೆಗೂ ಒಂದು ಮಿತಿ ಬೇಡವೇ? ಪಿಯುಸಿ ಮುಗಿಸಿದವರ ಸಿಯುಇಟಿಯಲ್ಲಿ ಒಂದೇ ವಿಷಯದ ಪರೀಕ್ಷೆಯನ್ನು ಹಲವು ಪಾಳಿಗಳಲ್ಲಿ, ಬೇರೆ ಬೇರೆ ಪ್ರಶ್ನೆಗಳಿಟ್ಟು ನಡೆಸಿ, ಬಂದ ಅಂಕಗಳನ್ನು ಪರಸ್ಪರ ಸರಿದೂಗಿಸಿ, ನೂರಕ್ಕೆ ಎಷ್ಟು ಮಂದಿಗಿಂತ ಮುಂದಿದ್ದಾರೆಂದು ಹೇಳುವ ಪರ್ಸೆಂಟೈಲ್ ಎಂಬುದನ್ನು ದಶಮಾಂಶದ ಏಳನೆಯ ಸ್ಥಾನದವರೆಗೆ ಲೆಕ್ಕ ಹಾಕುತ್ತಾರೆ. ಸರಾಫ್ ಬಜಾರಿನ ತಕ್ಕಡಿಗೂ ಇಷ್ಟು ಸೂಕ್ಷ್ಮವಿಲ್ಲ. ತಕ್ಕಡಿಯಲ್ಲಿ ಇಟ್ಟಿರುವುದು ಬಂಗಾರವೋ ಹಿತ್ತಾಳೆಯೋ ಎಂದು ಮಾತ್ರ ಯಾರೂ ಕೇಳಬಾರದು.

ಇಷ್ಟಾದರೂ ನಿಜವಾದ ಅಳತೆ ನಡೆಯುವುದು ಪರೀಕ್ಷಾ ಕೇಂದ್ರದ ಗೇಟಿನಲ್ಲಿ. ಇದರಲ್ಲಿ ನಮ್ಮ ಭಾಗದ ಕೊಡುಗೆ ದೊಡ್ಡದು. 2021ರ ಅಕ್ಟೋಬರಿನಲ್ಲಿ 545 ಪಿಎಸ್‌ಐ ಹುದ್ದೆಗಳಿಗೆ ನಡೆದ ಪರೀಕ್ಷೆಯಲ್ಲಿ, ಖಾಲಿ ಬಿಟ್ಟ ಓಎಂಆರ್ ಹಾಳೆಗಳು, ಅಂದರೆ ವೃತ್ತ ತುಂಬಿ ಉತ್ತರ ಗುರುತಿಸುವ ಹಾಳೆಗಳು, ಪರೀಕ್ಷೆ ಮುಗಿದ ಮೇಲೆ ತಾವಾಗಿಯೇ ತುಂಬಿಕೊಳ್ಳಬಲ್ಲವು ಎಂಬುದನ್ನು ಕಲಬುರಗಿ ನಾಡಿಗೆ ತೋರಿಸಿಕೊಟ್ಟಿತು. 2023ರ ಅಕ್ಟೋಬರಿನಲ್ಲಿ ಕಲಬುರಗಿ, ಯಾದಗಿರಿಗಳ ಪರೀಕ್ಷಾ ಕೇಂದ್ರಗಳಲ್ಲಿ ನಕಲಿಗೆ ಬಳಸಿದ ಬ್ಲೂಟೂತ್ ಸಿಕ್ಕಿಬಿದ್ದಿತು. ಅವೆರಡೂ ನೌಕರಿಯ ಪರೀಕ್ಷೆಗಳು. ಆದರೆ ಅವುಗಳ ಫಲ ಉಣ್ಣುತ್ತಿರುವವರಲ್ಲಿ ಕಾಲೇಜು ಹುಡುಗರೂ ಇದ್ದಾರೆ. ಹಾಳೆಯನ್ನು ಕಾಯಲಾಗದ ವ್ಯವಸ್ಥೆ ಅಂಗಿಯನ್ನು ಕಾಯಲು ನಿಂತಿತು. ತುಂಬು ತೋಳಿನ ಅಂಗಿ ನಿಷಿದ್ಧವಾಯಿತು. ಕಿವಿ, ಕೊರಳು, ಕಾಲುಗಳ ತಪಾಸಣೆ ಶಾಸ್ತ್ರೋಕ್ತವಾಗಿ ನಡೆಯತೊಡಗಿತು. ರಾಜ್ಯದ ವೃತ್ತಿಪರ ಕೋರ್ಸುಗಳ ಪ್ರವೇಶಕ್ಕೆಂದು 2025ರ ಏಪ್ರಿಲಿನಲ್ಲಿ ನಡೆದ ಸಿಇಟಿಯಲ್ಲಿ ಬೀದರಿನ ಕೇಂದ್ರವೊಂದಕ್ಕೆ ಬಂದ ವಿದ್ಯಾರ್ಥಿ ಜನಿವಾರ ತೆಗೆಯಲೊಪ್ಪದೆ ಗಣಿತದ ಪರೀಕ್ಷೆ ಬರೆಯಲಾಗದೆ ಹಿಂದಿರುಗಿದ. ಹತ್ತಿಯ ನೂಲಿಗೆ ಸಮೀಕರಣ ಬಿಡಿಸುವ ಶಕ್ತಿಯಿದೆ ಎಂದು ಗೇಟಿನಲ್ಲಿದ್ದವರು ನಂಬಿದ್ದರೆ, ಆ ನೂಲಿನ ಮೇಲೆ ಅವರಿಗಿದ್ದ ಶ್ರದ್ಧೆ ಅದನ್ನು ಧರಿಸಿದವನಿಗೂ ಇದ್ದಿರಲಾರದು.

ಇಷ್ಟು ಶೋಧಿಸಿ ಒಳಗೆ ಬಿಟ್ಟ ಮೇಲೆ ವಿದ್ಯಾರ್ಥಿಗೆ ಯೋಚಿಸಲು ಬರುತ್ತದೆಯೇ ಎಂಬುದನ್ನೂ ನೋಡಬಹುದಿತ್ತು. ಕನ್ನಡ ಎಂ.ಎ. ಪ್ರವೇಶಕ್ಕಾದರೂ ಒಂದೇ ಒಂದು ಪ್ರಶ್ನೆಗೆ ಹತ್ತು ವಾಕ್ಯಗಳ ಉತ್ತರ ಬರೆಸಿರಿ ಎಂದು ಕೇಳಿದರೆ ಬರುವ ಉತ್ತರಗಳನ್ನು ಊಹಿಸುವುದು ಕಷ್ಟವಲ್ಲ. ದೇಶಕ್ಕೆಲ್ಲ ಒಂದೇ ಮಾನದಂಡ ಉಳಿಯುವುದಿಲ್ಲ, ಫಲಿತಾಂಶ ತಡವಾಗುತ್ತದೆ, ಕೋಚಿಂಗ್ ಕೇಂದ್ರಗಳು ಈಗಾಗಲೇ ಅಚ್ಚು ಹಾಕಿಸಿದ ಬಹುಆಯ್ಕೆಯ ಪುಸ್ತಕಗಳ ಗತಿಯೇನು? ಕೊನೆಗೆ ಎಲ್ಲಕ್ಕಿಂತ ಪ್ರಾಮಾಣಿಕವಾದ ಆಕ್ಷೇಪವೂ ಬಂದೀತು: ಹುಡುಗಿಯೇನೋ ಬರೆದಾಳು, ಅದನ್ನು ಕುಳಿತು ಓದುವವರು ಯಾರು?