ಅಕ್ಕಿಗೆ ಏನು ಹಾಕಬೇಕು ಅಂತ ಮಾತ್ರ ನನ್ನ ಕೇಳಬೇಡಿ

ನಿನ್ನೆ ಬೆಂಗಳೂರಿನಲ್ಲಿ ನೆಂಟರ ಮನೆಗೆ ಹೋಗಿದ್ದೆ. ಊಟ ಆಯ್ತು, ಹೊಸ ಮನೆ ತೋರಿಸಿದರು. ಎಲ್ಲಾ ಚೆನ್ನಾಗಿತ್ತು. ಕೊನೆಗೆ ಸ್ಟೋರ್ ರೂಮು. ರೂಮು ಅಂದರೆ ಮಕ್ಕಳು ಮಲಗುವ ಕೋಣೆಯ ಮೂಲೆಗೆ ಪರದೆ ಎಳೆದು ಮಾಡಿದ ಜಾಗ. ಅಲ್ಲೊಂದು ನೀಲಿ ಡ್ರಮ್ಮು, ತುಂಬಾ ಊರಿಂದ ಬಂದ ಅಕ್ಕಿ. ಮುಚ್ಚಳ ತೆಗೆದ ಕೂಡಲೇ ಕೊಳೆತ ಬೆಳ್ಳುಳ್ಳಿಯ ವಾಸನೆ. ಅಕ್ಕಿಯ ಮೇಲೆ ತೆಳು ಬಟ್ಟೆಯ ಗಂಟು, ಅದರೊಳಗೆ ಬೂದು ಬಣ್ಣದ ಪುಡಿ.

"ಏನಮ್ಮ ಇದು?"

"ಮಾತ್ರೆ ಅಕ್ಕ. ಗೊಬ್ಬರದ ಅಂಗಡೀಲಿ ಕೊಟ್ರು. ಬಟ್ಟೇಲಿ ಕಟ್ಟಿಟ್ಟಿದ್ದೀನಲ್ಲ, ಏನೂ ಆಗಲ್ಲ. ಒಂದು ಹುಳ ಇಲ್ಲ ನೋಡಿ!"

ಹುಳ ಇರಲಿಲ್ಲ, ನಿಜ. ಆ ಕೋಣೆಯಲ್ಲಿ ಮಲಗುವ ಇಬ್ಬರು ಮಕ್ಕಳು ಇನ್ನೂ ಇದ್ದಾರಲ್ಲ ಅಂತ ನನಗೆ ಕೈಕಾಲು ತಣ್ಣಗಾಯಿತು. ಮಕ್ಕಳನ್ನು ಹೊರಗೆ ಕಳಿಸಿ, ಕಿಟಕಿ ಬಾಗಿಲು ಎಲ್ಲಾ ತೆರೆಸಿ, ಅದನ್ನು ಯಾರೂ ಮುಟ್ಟಬೇಡಿ, ನೀರಂತೂ ಹಾಕಲೇಬೇಡಿ, ಕೀಟ ನಿಯಂತ್ರಣದವರನ್ನು ಕರೆಸಿ ತೆಗೆಸಿ ಅಂದೆ. ಊಟ ಮಾಡಿದ ಮನೆಯಲ್ಲಿ ಹೀಗೆ ಕೂಗಾಡಿದ್ದಕ್ಕೆ ಎಲ್ಲರ ಮುಖ ದಪ್ಪಗಾಯಿತು. ಆಗಲಿ ಬಿಡಿ.

ಆ ಮಾತ್ರೆ ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಗುಲಿದರೆ ಸಾಕು, ಫಾಸ್ಫೀನ್ ಅನ್ನುವ ವಿಷದ ಗಾಳಿ ಬಿಡುತ್ತದೆ. 3 ಗ್ರಾಮಿನ ಒಂದು ಮಾತ್ರೆಯಿಂದ 1 ಗ್ರಾಮ್ ಫಾಸ್ಫೀನ್. ಬಟ್ಟೆಯಲ್ಲಿ ಕಟ್ಟಿದರೆ ಪುಡಿ ಅಕ್ಕಿಗೆ ಬೀಳುವುದಿಲ್ಲ ಅಷ್ಟೇ, ಗಾಳಿಗೆ ಬಟ್ಟೆ ಯಾವ ಲೆಕ್ಕ? ಇದಕ್ಕೆ ಮದ್ದಿಲ್ಲ. ದೊಡ್ಡ ಗೋದಾಮುಗಳಲ್ಲಿ ಮೂಟೆ ರಾಶಿಗೆ ದಪ್ಪ ಹೊದಿಕೆ ಹೊದಿಸಿ, ಅಂಚಿಗೆ ಮರಳು ತುಂಬಿದ ಉದ್ದನೆಯ ಚೀಲ ಒತ್ತಿ, ದಿನಗಟ್ಟಲೆ ಯಾರನ್ನೂ ಹತ್ತಿರ ಬಿಡದೆ, ಆಮೇಲೆ ಗಾಳಿ ಆಡಿಸಿ ತೆಗೆಯುತ್ತಾರೆ. ಕಾನೂನಿನ ಪ್ರಕಾರ ಇದನ್ನು ಕಂಡ ಕಂಡವರಿಗೆ ಮಾರುವ ಹಾಗೇ ಇಲ್ಲ. ನಮ್ಮಲ್ಲಿ ಮಾತ್ರ ಶುಂಠಿ ಪೆಪ್ಪರಮಿಂಟಿನ ಹಾಗೆ ಸಿಗುತ್ತದೆ.

ನನ್ನ ಸಿಟ್ಟು ಆ ಹುಡುಗಿಯ ಮೇಲಲ್ಲ. ಅವಳು ಅಂಗಡಿಯಲ್ಲಿ ಕೇಳಿದ ಪ್ರಶ್ನೆಯ ಮೇಲೆ. "ಅಕ್ಕಿಗೆ ಏನು ಹಾಕಬೇಕು?" ಊರಿಂದ ಮೂಟೆ ಬಂದ ಪ್ರತಿ ಮನೆಯಲ್ಲೂ ಇದೇ ಪ್ರಶ್ನೆ. ಒಣಗಿದೆಯಾ ಅಂತ ಯಾರೂ ಕೇಳುವುದಿಲ್ಲ. ಮುಚ್ಚಳ ಬಿಗಿ ಇದೆಯಾ ಅಂತ ಕೇಳುವುದಿಲ್ಲ. ಹಳೇ ಅಕ್ಕಿಯ ತಳ ಖಾಲಿ ಮಾಡಿ, ಡ್ರಮ್ಮು ಒರೆಸಿ, ಹೊಸದು ತುಂಬಿದ್ದೀರಾ ಅಂದರೆ ಮುಖ ನೋಡುತ್ತಾರೆ. ಏನಾದರೂ ಹಾಕಬೇಕು, ಅಷ್ಟೇ. ಒಬ್ಬರು ಬೋರಿಕ್ ಪೌಡರ್ ಕಲಸುತ್ತಾರೆ. ಇನ್ನೊಬ್ಬರು ಪಾದರಸದ ಗುಳಿಗೆ ಹುದುಗಿಸುತ್ತಾರೆ. ಅನ್ನದ ಅಕ್ಕಿಗೆ ಪಾದರಸ! ಇವರೇ ತರಕಾರಿಗೆ ಔಷಧ ಹೊಡೆಯುತ್ತಾರೆ ಅಂತ ಸಾವಯವ ಸಂತೆ ಹುಡುಕಿಕೊಂಡು ಹೋಗುವವರು. ವಾಟ್ಸಾಪಿನಲ್ಲಂತೂ ಲವಂಗ, ಬೆಳ್ಳುಳ್ಳಿ, ಬೆಂಕಿಕಡ್ಡಿ. ಬೆಂಕಿಕಡ್ಡಿ ಫಾರ್ವರ್ಡ್ ಮಾಡಿದವರು ಒಬ್ಬ ನಿವೃತ್ತ ವಿಜ್ಞಾನದ ಮೇಷ್ಟ್ರು. ಸುಮ್ನೆ ಕೈ ಮುಗಿದೆ.

ಹುಳ ಎಲ್ಲಿಂದ ಬರುತ್ತದೆ ಅಂತ ಒಂದು ಸಲ ಗೊತ್ತಾದರೆ ಈ ಪ್ರಶ್ನೆಯೇ ಹಾಸ್ಯಾಸ್ಪದ ಅನಿಸುತ್ತದೆ. ಅಕ್ಕಿಯ ಮೂತಿಹುಳ ಇದೆಯಲ್ಲ, ಆನೆ ಸೊಂಡಿಲಿನಂಥ ಮೂತಿಯದು, ಅದರ ಹೆಣ್ಣು ಕಾಳಿಗೆ ತೂತು ಕೊರೆದು, ಒಳಗೊಂದು ಮೊಟ್ಟೆ ಇಟ್ಟು, ಮೇಲೆ ಅಂಟು ಮೆತ್ತಿ ಮುಚ್ಚಿಬಿಡುತ್ತದೆ. ಹೊರಗಿಂದ ನೋಡಿದರೆ ಕಾಳು ನೆಟ್ಟಗೇ ಇರುತ್ತದೆ. ಮರಿ ಒಳಗೇ ತಿಂದು ಬೆಳೆದು, ಸೆಕೆಗಾಲದಲ್ಲಿ ತಿಂಗಳೊಪ್ಪತ್ತಿಗೆ ಹೊರಗೆ ಬರುತ್ತದೆ. ಅಂದರೆ ನೀವು ತಂದ ದಿನವೇ ಹುಳ ಮೂಟೆಯೊಳಗಿತ್ತು. ಕಾಳಿನ ಹುಳ ಇನ್ನೂ ಚಾಲಾಕಿ, ಅದು ಹೊಲದಲ್ಲಿ ಕಾಯಿ ಇರುವಾಗಲೇ ಶುರು ಮಾಡುತ್ತದೆ. ಹೆಸರುಕಾಳು, ಅಲಸಂದೆ ಅಂಗೈಯಲ್ಲಿ ಹಾಕಿಕೊಂಡು ಬೆಳಕಿಗೆ ಹಿಡಿದು ನೋಡಿ. ಕಾಳಿನ ಮೈಮೇಲೆ ಸುಣ್ಣದ ಚುಕ್ಕಿಯಂಥ ಬಿಳಿ ಬೊಟ್ಟು ಕಂಡರೆ ಅದೇ ಮೊಟ್ಟೆ. ಗುಂಡು ತೂತು ಕಂಡರೆ ಒಳಗಿದ್ದ ಬಾಡಿಗೆದಾರ ಖಾಲಿ ಮಾಡಿ ಹೋಗಿದ್ದಾನೆ ಅಂತ ಅರ್ಥ.

ಈಗ ಹೇಳುತ್ತೀರಿ, "ನಮ್ಮಜ್ಜಿ ಬೇವಿನ ಸೊಪ್ಪು ಹಾಕ್ತಿದ್ರು, ಏನೂ ಆಗ್ತಿರಲಿಲ್ಲ." ಹಾಕುತ್ತಿದ್ದರು ಕಣ್ರೀ. ಆದರೆ ಅದಕ್ಕೆ ಮೊದಲು ಏನು ಮಾಡುತ್ತಿದ್ದರು? ಅಂಗಳ ಸಾರಿಸಿ, ಬಿಸಿಲಿಗೆ ಹರವಿ, ಗಂಟೆಗೊಮ್ಮೆ ಕಾಲಲ್ಲಿ ಸಾಲು ಹೊಡೆದು, ಸಂಜೆ ಬಳಿದು, ಮಾರನೆ ದಿನ ಮತ್ತೆ ಹರವಿ, ಮೊರದಲ್ಲಿ ಕೇರಿ, ಕಾಳನ್ನು ಹಲ್ಲಲ್ಲಿ ಕಚ್ಚಿ ಕಟಕ್ ಅಂದ ಮೇಲೆ ಆರಲು ಬಿಟ್ಟು, ಆಮೇಲೆ ವಾಡೆಗೆ ತುಂಬುತ್ತಿದ್ದರು. ತುಂಬಿದ ಮೇಲೆ ಬಾಯಿಗೆ ಮಣ್ಣು ಸಗಣಿ ಮೆತ್ತುತ್ತಿದ್ದರು. ಸೊಪ್ಪು ಕೊನೆಯದು, ಅದೂ ನೆರಳಲ್ಲಿ ಒಣಗಿಸಿದ ಸೊಪ್ಪು. ನಮಗೆ ಸೊಪ್ಪು ಮಾತ್ರ ನೆನಪಿದೆ. ಪಾರ್ಕಿನಿಂದ ಹಸಿ ಸೊಪ್ಪು ಕಿತ್ತುಕೊಂಡು ಬಂದು ಡ್ರಮ್ಮಿಗೆ ತುರುಕಿ, ಒಳಗೆ ಬೂಷ್ಟು ಬಂದ ಮೇಲೆ "ಬೇವು ಕೆಲಸ ಮಾಡಲ್ಲ" ಅನ್ನುತ್ತೇವೆ.

ತೊಗರಿಗೆ ಕೆಮ್ಮಣ್ಣು ಕಟ್ಟುವುದು, ಅವರೆಗೆ ಬೂದಿ ಹೊರಳಿಸುವುದು, ಕಾಳಿನ ಮಡಕೆಯ ಮೇಲೆ ಎರಡು ಬೆರಳು ದಪ್ಪ ಮರಳು ಸುರಿಯುವುದು, ಕಾಳಿಗೆ ಹರಳೆಣ್ಣೆ ಸವರುವುದು, ಇವೆಲ್ಲಕ್ಕೂ ಕಾರಣ ಇದೆ. ಎಣ್ಣೆ ಸವರಿದ ಕಾಳಿನ ಮೇಲೆ ಮೊಟ್ಟೆ ಉಸಿರುಕಟ್ಟಿ ಸಾಯುತ್ತದೆ. ಮರಳಿನ ಅಡಿ ಹುಟ್ಟಿದ ಹುಳ ಮೇಲೆ ಬರಲಾಗದೆ ಸಾಯುತ್ತದೆ, ಮೇಲಿನದು ಕೆಳಗೆ ಇಳಿಯಲಾಗುವುದಿಲ್ಲ. ಕಾಳನ್ನು ಒಡೆದು ಬೇಳೆ ಮಾಡಿಟ್ಟರೆ ಆ ಹುಳಕ್ಕೆ ಬೆಳೆಯಲು ಜಾಗವೇ ಇಲ್ಲ. ಇವೂ 'ಹಾಕುವ' ಲೆಕ್ಕವೇ, ಒಪ್ಪಿದೆ. ಆದರೆ ಕಾಳು ಒಣಗದಿದ್ದರೆ ಇದರಲ್ಲಿ ಯಾವುದೂ ನಡೆಯುವುದಿಲ್ಲ.

ನಮ್ಮ ನಾಗಮಂಗಲ ಕಡೆ ರಾಗಿಗೆ ಹಗೇವು ಇರುತ್ತಿತ್ತು, ಗೊತ್ತಲ್ಲ. ನೆಲದಲ್ಲಿ ಕುತ್ತಿಗೆ ಸಣ್ಣ, ಹೊಟ್ಟೆ ದೊಡ್ಡ ಗುಂಡಿ. ಸುತ್ತ ಹುಲ್ಲು ಒತ್ತಿ, ರಾಗಿ ಸುರಿದು, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಹಾಗೇ ಇರುತ್ತಿತ್ತು. ರಾಗಿ ಕಾಳೇ ಸಣ್ಣದು, ಮೂತಿಹುಳಕ್ಕೆ ಸಂಸಾರ ಹೂಡಲು ಜಾಗ ಸಾಲದು. ಜೊತೆಗೆ ಮುಚ್ಚಿದ ಹಗೇವಿನಲ್ಲಿ ಕಾಳು ಉಸಿರಾಡಿ ಆಡಿ ಆಮ್ಲಜನಕ ತೀರಿ ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಯಾವ ಹುಳ ಬದುಕೀತು? ಅದಕ್ಕೇ ಹಗೇವು ತೆಗೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಗಾಳಿ ಆಡಲು ಬಿಟ್ಟು, ದೀಪ ಇಳಿಬಿಟ್ಟು ನೋಡುತ್ತಿದ್ದರು. ಅವಸರ ಮಾಡಿ ಇಳಿದು ಸತ್ತವರಿದ್ದಾರೆ. ಒಂದು ಪುಡಿ ಇಲ್ಲ, ಒಂದು ಮಾತ್ರೆ ಇಲ್ಲ. ಒಣಗಿಸಿ ಮುಚ್ಚಿದರು, ಅಷ್ಟೇ. ಈಗ ಒಳಗೆ ಎರಡು ಪದರ ಪ್ಲಾಸ್ಟಿಕ್, ಹೊರಗೊಂದು ನೇಯ್ದ ಚೀಲ ಇರುವ ಮೂರು ಪದರದ ಚೀಲ ಬಂದಿದೆ. 1980ರ ದಶಕದಲ್ಲಿ ಆಫ್ರಿಕಾದ ಕ್ಯಾಮರೂನಿನಲ್ಲಿ ಅಲಸಂದೆ ಉಳಿಸಲು ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು ಶುರು ಮಾಡಿದ್ದು. ಒಳಗಿರುವ ವಿದ್ಯೆ ನಮ್ಮ ಹಗೇವಿನದೇ.

ಒಣಗಿದೆಯಾ ಅಂತ ನೋಡಲು ಯಂತ್ರ ಬೇಡ. ಒಣ ಗಾಜಿನ ಬಾಟಲಿಗೆ ಒಂದು ಹಿಡಿ ಕಾಳು, ಚೆನ್ನಾಗಿ ಒಣಗಿದ ಉಪ್ಪು ಒಂದೆರಡು ಚಮಚ ಹಾಕಿ ಕುಲುಕಿ. ಸ್ವಲ್ಪ ಹೊತ್ತು ಬಿಟ್ಟು ನೋಡಿದಾಗ ಉಪ್ಪು ಗಾಜಿಗೆ ಅಂಟಿದ್ದರೆ ಕಾಳು ಹಸಿ. ಅಂಟದಿದ್ದರೂ ಇನ್ನೊಂದು ಬಿಸಿಲು ಕಾಯಿಸಿದರೆ ನಷ್ಟವಿಲ್ಲ, ವರ್ಷ ಇಡುವುದಾದರೆ ತೇವ 12%ಕ್ಕಿಂತ ಜಾಸ್ತಿ ಇರಬಾರದು. ಅಕ್ಕಿಯನ್ನು ಮಾತ್ರ ಸುಡುಬಿಸಿಲಿಗೆ ಹಾಕಬೇಡಿ, ಬಿರುಕು ಬಿಟ್ಟು ನುಚ್ಚಾಗುತ್ತದೆ. ನೆರಳಲ್ಲಿ ಗಾಳಿಗೆ ಹರವಿದರೆ ಸಾಕು. ಬಿಸಿ ಬಿಸಿ ಕಾಳು ತುಂಬಿದರೆ ರಾತ್ರಿ ಮುಚ್ಚಳದ ಒಳಗೆ ಬೆವರು ಕಟ್ಟುತ್ತದೆ, ಅಲ್ಲಿಂದಲೇ ಬೂಷ್ಟು. ಪ್ಯಾಕೆಟ್ ಹಿಟ್ಟು, ರವೆ ಇದ್ದರೆ ನಾಲ್ಕು ದಿನ ಫ್ರೀಜರಿನಲ್ಲಿಡಿ, ಮೊಟ್ಟೆ ಮರಿ ಎಲ್ಲಾ ಸಾಯುತ್ತವೆ. ಹೊರಗೆ ತೆಗೆದು ತಣುಪು ಇಳಿದ ಮೇಲೇ ಪ್ಯಾಕೆಟ್ ಬಿಚ್ಚಿ.

ಇಲಿ ವಿಷಯಕ್ಕೆ ಬಂದರೂ ಅದೇ ರಾಗ. "ಏನು ಇಡಬೇಕು?" ಕೇಕ್ ಇಡಬೇಕಾ, ಅಂಟು ಹಾಳೆ ಇಡಬೇಕಾ, ಪ್ಲಗ್ಗಿಗೆ ಚುಚ್ಚುವ ಕಿಂಯ್ ಅನ್ನುವ ಡಬ್ಬಿ ಇಡಬೇಕಾ. ಆ ಡಬ್ಬಿಗೆ ಇಲಿ ಬೇಗ ಒಗ್ಗಿಕೊಳ್ಳುತ್ತದೆ, ಕರೆಂಟ್ ಬಿಲ್ಲಿಗೆ ನೀವು ಒಗ್ಗಿಕೊಳ್ಳಬೇಕು. ನಿಜ ಹೇಳಲಾ? ಇಲಿ ಕಂಡರೆ ನಾನು ಕುರ್ಚಿ ಹತ್ತುವವಳು. ಹೆಗ್ಗಣ ಅಂದರೆ ಊರೇ ಬಿಡುವವಳು. ಅದಕ್ಕೇ ಅದು ಒಳಗೆ ಬರದ ಹಾಗೆ ಮಾಡುವುದರಲ್ಲಿ ನನಗೆ ಇಷ್ಟು ಆಸಕ್ತಿ. ಪೆನ್ಸಿಲ್ ತೂರುವಷ್ಟು ಕಂಡಿ ಇದ್ದರೆ ಚಿಟ್ಟಿಲಿ ತೂರುತ್ತದೆ. ನಿಮ್ಮ ಮಾಡ್ಯುಲರ್ ಕಿಚನ್ನಿನ ಸಿಂಕ್ ಕೆಳಗಿನ ಬಾಗಿಲು ತೆಗೆದು, ಮೊಬೈಲ್ ಲೈಟ್ ಬಿಟ್ಟು, ಪೈಪು ಗೋಡೆಯೊಳಗೆ ಹೋಗುವ ಜಾಗ ನೋಡಿ. ಪೈಪಿಗಿಂತ ತೂತು ದೊಡ್ಡದಿರುತ್ತದೆ. ಲಕ್ಷಗಟ್ಟಲೆ ಕೊಟ್ಟ ಅಡುಗೆಮನೆಯ ಹೆಬ್ಬಾಗಿಲು ಅದು. ಪಾತ್ರೆ ಉಜ್ಜುವ ಸ್ಟೀಲ್ ನಾರು ತುರುಕಿ ಸಿಮೆಂಟ್ ಮೆತ್ತಿಸಿ.

ಇಲಿಯ ಮುಂದಿನ ಹಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುತ್ತದೆ, ಕಡಿಯದೆ ಅದಕ್ಕೆ ಬೇರೆ ದಾರಿಯಿಲ್ಲ. ಪ್ಲಾಸ್ಟಿಕ್ ಡ್ರಮ್ಮಿನ ಅಂಚು ಅದಕ್ಕೆ ಯಾವ ಮಹಾ? ತಗಡಿನ ಇಲ್ಲವೇ ಸ್ಟೀಲಿನ ಡ್ರಮ್ಮು ತಗೊಳ್ಳಿ, ಸ್ಟ್ಯಾಂಡಿನ ಮೇಲಿಡಿ, ಗೋಡೆಯಿಂದ ಒಂದು ಗೇಣು ದೂರ ಇಡಿ. ವಿಷದ ಕೇಕ್ ತಿಂದ ಇಲಿ ಅಲ್ಲೇ ಸಾಯುವುದಿಲ್ಲ, ಕೆಲವು ದಿನ ಬಿಟ್ಟು ಅಟ್ಟದ ಹಿಂದೆಲ್ಲೋ ಸಾಯುತ್ತದೆ. ಆಮೇಲೆ ಮನೆಯವರೆಲ್ಲಾ ಮೂಗು ಹಿಡಿದುಕೊಂಡು ಹುಡುಕುತ್ತಾರೆ. ಅಷ್ಟರಲ್ಲಿ ತೂತಿನಿಂದ ಇನ್ನೊಂದು ಬಂದಿರುತ್ತದೆ.

"ಇಷ್ಟೆಲ್ಲಾ ಯಾಕೆ, ಬೇಕಾದಾಗ ಹತ್ತು ನಿಮಿಷದಲ್ಲಿ ಮನೆಗೇ ಬರುತ್ತಲ್ಲ" ಅಂತ ನನ್ನ ಮಗನೇ ಹೇಳುತ್ತಾನೆ. ತರಿಸಿಕೋಪ್ಪ. ಆ ಕಾಳೂ ಎಲ್ಲೋ ಒಂದು ಗೋದಾಮಿನಲ್ಲಿ ಇದ್ದು ಬಂದಿದ್ದೇ, ಆ ಬಿಳಿ ಬೊಟ್ಟು ಅದರ ಮೇಲೂ ಇರುತ್ತದೆ. ಅದೂ ಅಲ್ಲದೆ ಸ್ವಂತ ಹೊಲದ ರಾಗಿ, ನನ್ನ ತಮ್ಮ ಬೆವರು ಸುರಿಸಿ ಬೆಳೆದು ಬಸ್ಸಿಗೆ ಹಾಕಿ ಕಳಿಸಿದ ಹುರುಳಿ, ಇದನ್ನು ಬೇಡ ಅನ್ನಲಾ? ಹೊಲ ಇಲ್ಲದವರಿಗೆ ಇದು ಅರ್ಥ ಆಗಲ್ಲ, ಬಿಡಿ.

ಕೆಳಗೆ ಕಾಮೆಂಟಿನಲ್ಲಿ "ಲವಂಗ ಹಾಕಿ ಮೇಡಂ, ಸೂಪರ್ ರಿಸಲ್ಟ್" ಅಂತ ಬರೆಯಲು ಬೆರಳು ತುರಿಸುತ್ತಿರುವವರೇ, ಎದ್ದು ಹೋಗಿ ನಿಮ್ಮ ಡ್ರಮ್ಮಿನ ಮುಚ್ಚಳದ ಒಳಭಾಗ ಮುಟ್ಟಿ ನೋಡಿ. ಒದ್ದೆ ಇದೆಯಾ, ಒಣಗಿದೆಯಾ, ಅದನ್ನು ಬರೆಯಿರಿ. ಲವಂಗದ ವಿಚಾರ ಆಮೇಲೆ ನೋಡೋಣ.